ಸ್ಮಾರ್ಟ್ ಸಿಟಿ ಮತ್ತು ಬಂಡವಾಳದ ಹಂಚಿಕೆ: ಹಾಲು ಉತ್ಪಾದಕರು ತಿಳಿದಿರಬೇಕಾದ ವಿಷಯ



'ಸ್ಮಾರ್ಟ್ ಸಿಟಿ' ಎಂಬ ಮಾತನ್ನು ತಾವು ಹತ್ತು ವರ್ಷಗಳಿಂದ ಕೇಳುತ್ತಾ ಬಂದಿದ್ದೀರಿ. ದಾವಣಗೆರೆಗೋ ತುಮಕೂರಿಗೋ ಹುಬ್ಬಳ್ಳಿಗೋ ಹೋದಾಗ ಅಗೆದು ಮತ್ತೆ ಹಾಕಿದ ರಸ್ತೆ, ಹೊಸ ದೀಪದ ಕಂಬ, ಕೆರೆಯ ಸುತ್ತ ಕಲ್ಲು ಹಾಸಿದ ದಾರಿ ಇವುಗಳನ್ನು ಕಣ್ಣಾರೆ ನೋಡಿಯೂ ಇರಬಹುದು. ಅದು ಪಟ್ಟಣದವರ ವಿಷಯ, ಹಾಲು ಕರೆಯುವ ನಮಗೇನು ಎಂದು ಕೇಳುವ ಸದಸ್ಯರಿದ್ದಾರೆ. ಆ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿದಿರುವುದರಿಂದ ಈಗ ಅದರ ಲೆಕ್ಕವನ್ನು ಸಮಾಧಾನವಾಗಿ ನೋಡಬಹುದು. ಊರಿನ ಬ್ಯಾಂಕಿನಲ್ಲಿ ತಾವು ಇಟ್ಟಿರುವ ಠೇವಣಿಗೂ, ಪಟ್ಟಣದ ಅಂಚಿನಲ್ಲಿರುವ ತಮ್ಮ ಹುಲ್ಲಿನ ಹೊಲಕ್ಕೂ, ಒಕ್ಕೂಟ ಯಾವ ಊರಿನಲ್ಲಿ ಯಂತ್ರ ಹಾಕುತ್ತದೆ ಎಂಬುದಕ್ಕೂ ಈ ಲೆಕ್ಕಕ್ಕೂ ಸಂಬಂಧವಿದೆ.

ಮೊದಲು ಬಂಡವಾಳ ಎಂದರೇನೆಂದು ಸ್ಪಷ್ಟಪಡಿಸಿಕೊಳ್ಳೋಣ. ಈ ವರ್ಷ ತಂದು ಈ ವರ್ಷವೇ ಮುಗಿಸುವ ಹಣ ಖರ್ಚು. ಮುಂದಿನ ವರ್ಷಗಳಲ್ಲಿ ಆದಾಯ ಹುಟ್ಟಿಸಲೆಂದು ಹೂಡುವ ಹಣ ಬಂಡವಾಳ. ಕರೆಯುವ ಹಸುವಿಗೆ ಹಾಕುವ ಹಿಂಡಿ ಖರ್ಚಿನ ಲೆಕ್ಕಕ್ಕೆ ಬರುತ್ತದೆ. ಹೆಣ್ಣು ಕರುವನ್ನು ಕಡಸಾಗಿ ಬೆಳೆಸಲು ಎರಡು ವರ್ಷ ಹಾಕುವುದು ಬಂಡವಾಳ. ಸರ್ಕಾರಕ್ಕೆ ರಸ್ತೆ, ನೀರು, ವಿದ್ಯುತ್ ಬಂಡವಾಳವಾದರೆ ಒಕ್ಕೂಟಕ್ಕೆ ಶೀತಲೀಕರಣ ಕೇಂದ್ರ ಮತ್ತು ಪಶು ಆಹಾರ ಕಾರ್ಖಾನೆ ಬಂಡವಾಳ. ಈ ಹಣ ಯಾವ ಪ್ರದೇಶದಲ್ಲಿ ಬೀಳುತ್ತದೋ ಅಲ್ಲಿ ನಂತರದ ವರ್ಷಗಳ ಕೆಲಸ, ವ್ಯಾಪಾರ ಮತ್ತು ಸಾಲ ಬೆಳೆಯುತ್ತವೆ. ಆದುದರಿಂದಲೇ ಎಲ್ಲಿ ಎಷ್ಟು ಬಿತ್ತು ಎಂಬ ಲೆಕ್ಕಕ್ಕೆ ಮಹತ್ವ.

ಯೋಜನೆಯ ಹಣ ಹಂಚಿದ ರೀತಿ

ಕೇಂದ್ರ ಸರ್ಕಾರವು 2015ರ ಜೂನ್ 25ರಂದು ಸ್ಮಾರ್ಟ್ ಸಿಟಿ ಯೋಜನೆಯನ್ನು ಪ್ರಾರಂಭಿಸಿತು. ದೇಶದ 100 ನಗರಗಳಿಗೆ ಕೇಂದ್ರದ ಪಾಲು 48,000 ಕೋಟಿ ರೂಪಾಯಿ. ನಗರವೊಂದಕ್ಕೆ ಸುಮಾರು 500 ಕೋಟಿ. ಅಷ್ಟೇ ಮೊತ್ತವನ್ನು ರಾಜ್ಯ ಸರ್ಕಾರ ಮತ್ತು ನಗರಪಾಲಿಕೆ ಸೇರಿ ಹಾಕಬೇಕೆಂಬುದು ಷರತ್ತು. ನಮ್ಮ ರಾಜ್ಯದ ಏಳು ನಗರಗಳು ಆಯ್ಕೆಯಾದವು. 2016ರ ಜನವರಿಯ ಮೊದಲ ಪಟ್ಟಿಯಲ್ಲಿ ದಾವಣಗೆರೆ ಮತ್ತು ಬೆಳಗಾವಿ ಇದ್ದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ ಮತ್ತು ತುಮಕೂರು ಸೇರಿದವು. 2017ರ ಜೂನ್‌ನಲ್ಲಿ ಬೆಂಗಳೂರು ಬಂತು.

ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಒಂದು ಊರೂ ಇದರಲ್ಲಿಲ್ಲ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ನೇಮಕವಾಗಿದ್ದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ ಅಂದಿನ 175 ತಾಲೂಕುಗಳ ಪೈಕಿ 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 21 ಇದೇ ಕಲಬುರಗಿ ವಿಭಾಗದವು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡಲು 2012ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು 371(ಜೆ) ವಿಧಿಯನ್ನು ಸೇರಿಸಬೇಕಾಯಿತು. ಅದಾದ ನಾಲ್ಕೈದು ವರ್ಷಗಳೊಳಗೆ ನಡೆದ ಈ ಆಯ್ಕೆಯಲ್ಲಿ ಆ ಭಾಗಕ್ಕೆ ಏನೂ ದೊರೆಯಲಿಲ್ಲ.

ಇದು ಯಾರೋ ಬೇಕೆಂದು ಮಾಡಿದ ಅನ್ಯಾಯವೆಂದು ಹೇಳಲಾಗದು. ಆಯ್ಕೆಯ ನಿಯಮವೇ ಹಾಗಿತ್ತು. ಯಾವ ರಾಜ್ಯಕ್ಕೆ ಎಷ್ಟು ನಗರ ಎಂಬುದನ್ನು ಅಲ್ಲಿನ ನಗರ ಜನಸಂಖ್ಯೆ ಮತ್ತು ಪಟ್ಟಣಗಳ ಸಂಖ್ಯೆ ನೋಡಿ ನಿರ್ಧರಿಸಿದರು. ಬಳಿಕ ರಾಜ್ಯದೊಳಗೆ ಪೈಪೋಟಿ. ತೆರಿಗೆ ವಸೂಲಿ ಹೇಗಿದೆ, ನೌಕರರ ಸಂಬಳ ತಡವಾಗಿದೆಯೇ, ಲೆಕ್ಕಪತ್ರದ ತಪಾಸಣೆ ಆಗಿದೆಯೇ, ನೀರು ಸರಬರಾಜಿನ ವೆಚ್ಚ ನೀರಿನ ಕಂದಾಯದಿಂದ ಹುಟ್ಟುತ್ತಿದೆಯೇ, ಹಿಂದಿನ ಯೋಜನೆಗಳನ್ನು ಮುಗಿಸಿದ್ದಾರೆಯೇ ಎಂದು ಅಂಕ ಹಾಕಿದರು. ಮೊದಲೇ ಗಟ್ಟಿಯಾಗಿದ್ದ ನಗರಸಭೆಗಳಿಗೆ ಹೆಚ್ಚು ಅಂಕ ಬಂತು. ಕೊಟ್ಟಿಗೆಯಲ್ಲಿ ಹೆಚ್ಚು ಹಾಲು ಕೊಡುವ ಹಸುವಿನ ಮುಂದೆಯೇ ನಾವು ಮೊದಲು ಹಿಂಡಿ ಇಡುತ್ತೇವೆ. ಅದರಲ್ಲಿ ತಪ್ಪಿಲ್ಲ. ಆದರೆ ಬಡಕಲು ಕಡಸಿನ ಮುಂದೆ ಏನನ್ನೂ ಇಡದಿದ್ದರೆ ಅದಕ್ಕೆ ಗಬ್ಬ ನಿಲ್ಲುವುದಿಲ್ಲ. ಮುಂದಿನ ವರ್ಷವೂ ಅದು ಹಾಲು ಕೊಡದ ಸಾಲಿನಲ್ಲೇ ಉಳಿಯುತ್ತದೆ. ಅರ್ಹತೆ ನೋಡಿ ಹಣ ಕೊಡುವ ಯಾವ ಯೋಜನೆಗೂ ಈ ದೋಷ ಅಂಟಿಕೊಂಡೇ ಇರುತ್ತದೆ.

ಇದೇ ಯೋಜನೆಯ ಒಳ್ಳೆಯ ಮುಖವೊಂದನ್ನೂ ಹೇಳಬೇಕು. ನಗರ ದೊಡ್ಡದಿರಲಿ ಸಣ್ಣದಿರಲಿ, ಕೇಂದ್ರದ ಅನುದಾನ ಹೆಚ್ಚುಕಡಿಮೆ ಒಂದೇ. 2011ರ ಜನಗಣತಿಯಂತೆ ತುಮಕೂರು ನಗರದಲ್ಲಿ ಸುಮಾರು 3 ಲಕ್ಷ ಜನ, ಬೆಂಗಳೂರಿನಲ್ಲಿ ಸುಮಾರು 84 ಲಕ್ಷ. 500 ಕೋಟಿಯನ್ನು ತಲೆಗೆ ಹಂಚಿದರೆ ತುಮಕೂರಿಗೆ 16,000 ರೂಪಾಯಿ ದಾಟುತ್ತದೆ, ಬೆಂಗಳೂರಿಗೆ 600 ರೂಪಾಯಿಯೂ ಆಗುವುದಿಲ್ಲ. ರಾಜಧಾನಿಯ ಕಡೆಗೇ ಹರಿಯುತ್ತಿದ್ದ ಬಂಡವಾಳದಲ್ಲಿ ಒಂದಿಷ್ಟನ್ನು ಎರಡನೇ ಸಾಲಿನ ಊರುಗಳಿಗೆ ತಿರುಗಿಸಿದ್ದು ಈ ಯೋಜನೆಯ ಹೆಗ್ಗಳಿಕೆ. ಆದರೂ ಪ್ರಮಾಣವನ್ನು ಮರೆಯಬಾರದು. ಏಳು ನಗರಗಳಿಗೆ ಕೇಂದ್ರ ಮತ್ತು ರಾಜ್ಯದ ಪಾಲು ಸೇರಿಸಿದರೆ ನಿಯಮದ ಲೆಕ್ಕದಲ್ಲಿ 7,000 ಕೋಟಿ. ಬೆಂಗಳೂರು ಮೆಟ್ರೋ ರೈಲಿನ ಎರಡನೇ ಹಂತವೊಂದಕ್ಕೇ 2014ರಲ್ಲಿ ಮಂಜೂರಾದ ಅಂದಾಜು 26,405 ಕೋಟಿ.

ಹಳ್ಳಿಗಳ ಪಾಲಿಗೆ ಬಂದ ಯೋಜನೆ ಯಾವುದು? 2016ರ ಫೆಬ್ರವರಿಯಲ್ಲಿ ರೂರ್ಬನ್ ಎಂಬ ಹೆಸರಿನ ಯೋಜನೆ ಬಂತು. ಹತ್ತಿರ ಹತ್ತಿರದ ಹಳ್ಳಿಗಳನ್ನು ಗುಂಪು ಮಾಡಿ ಪಟ್ಟಣದ ಸೌಲಭ್ಯ ಕೊಡುವುದು ಅದರ ಉದ್ದೇಶ. ದೇಶದಲ್ಲಿ 300 ಗುಂಪುಗಳು, ಒಟ್ಟು 5,142 ಕೋಟಿ. ಭಾಗಿಸಿದರೆ ಗುಂಪಿಗೆ 17 ಕೋಟಿ, ನಗರಕ್ಕೆ 480 ಕೋಟಿ. ಗುಂಪಿನ ಜನಸಂಖ್ಯೆ ಬಯಲುಸೀಮೆಯಲ್ಲಿ 25 ರಿಂದ 50 ಸಾವಿರವಿದ್ದುದರಿಂದ ತಲೆವಾರು ಅಂತರ ಇಷ್ಟು ದೊಡ್ಡದಲ್ಲ. ಗ್ರಾಮ ಸಡಕ್ ಯೋಜನೆಯಂತಹ ಬೇರೆ ಬಾಬ್ತುಗಳಿಂದಲೂ ಹಳ್ಳಿಗೆ ಹಣ ಬಂದಿದೆ. ಆದರೆ ಹಳ್ಳಿಯ ಹಣ ಹತ್ತು ಇಲಾಖೆಗಳಿಂದ ಹತ್ತು ತುಂಡಾಗಿ ಬರುತ್ತದೆ, ನಗರದ ಹಣ ಒಂದೇ ಕೈಯಲ್ಲಿ ಒಟ್ಟಾಗಿ ಬಂತು. ಕರ್ನಾಟಕದಲ್ಲಿ ನೂರಕ್ಕೆ 61 ಜನ ಹಳ್ಳಿಗಳಲ್ಲಿದ್ದಾರೆಂದು 2011ರ ಜನಗಣತಿ ಹೇಳಿತು.

ಸರ್ಕಾರದ ಹಣದ ಬೆನ್ನಿಗೆ ಬರುವ ಹಣ

ಸದಸ್ಯರು ಮುಖ್ಯವಾಗಿ ಗಮನಿಸಬೇಕಾದ ಅಂಶ ಮುಂದಿದೆ. ಸರ್ಕಾರ ಹಾಕುವ ಹಣ ಹೆಪ್ಪಿನ ಹಾಗೆ. ಹೆಪ್ಪು ಒಂದು ಚಮಚ, ಮೊಸರಾಗುವುದು ಪಾತ್ರೆ ತುಂಬ.

ಸ್ಮಾರ್ಟ್ ಸಿಟಿ ನಿಯಮದಲ್ಲಿ ಇಡೀ ನಗರವನ್ನು ಸುಧಾರಿಸಬೇಕೆಂದು ಇರಲಿಲ್ಲ. ಊರೊಳಗಿನ ಒಂದು ಭಾಗವನ್ನು ಆರಿಸಿಕೊಳ್ಳಬೇಕು. ಇರುವುದನ್ನೇ ದುರಸ್ತಿ ಮಾಡುವುದಾದರೆ ಕನಿಷ್ಠ 500 ಎಕರೆ, ಕೆಡವಿ ಕಟ್ಟುವುದಾದರೆ 50 ಎಕರೆ. ದೇಶದ ನಗರಗಳು ಸಲ್ಲಿಸಿದ ಪ್ರಸ್ತಾವಗಳ ಒಟ್ಟು ಮೊತ್ತ ಸುಮಾರು 2 ಲಕ್ಷ ಕೋಟಿ. ಅದರಲ್ಲಿ ಶೇಕಡಾ 80ರಷ್ಟು ಇಂತಹ ಆಯ್ದ ಭಾಗಗಳಿಗೇ ಮೀಸಲು. 500 ಎಕರೆ ಎಂದರೆ ತಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಎಷ್ಟೋ ಹಳ್ಳಿಗಳ ಎಲ್ಲೆ ಅದಕ್ಕಿಂತ ದೊಡ್ಡದು. ಅಷ್ಟು ಜಾಗದೊಳಗೆ ಯೋಜನೆಯ ಹಣವಲ್ಲದೆ ಕುಡಿಯುವ ನೀರಿನ ಯೋಜನೆ, ಸ್ವಚ್ಛತೆಯ ಯೋಜನೆ ಮುಂತಾದ ಬೇರೆ ಅನುದಾನಗಳನ್ನೂ ಒಗ್ಗೂಡಿಸಬೇಕೆಂದು ಮಾರ್ಗಸೂಚಿ ಹೇಳಿತ್ತು. ಖಾಸಗಿ ಪಾಲುದಾರರನ್ನೂ ಕರೆಯಬೇಕಿತ್ತು.

ರಸ್ತೆ ಅಗಲವಾಗಿ ದೀಪ ಬಂದ ಕಡೆ ನಿವೇಶನದ ಬೆಲೆ ಏರುತ್ತದೆ. ಬೆಲೆ ಏರಿದ ನಿವೇಶನವನ್ನು ಅಡವಿಟ್ಟರೆ ಬ್ಯಾಂಕು ಹೆಚ್ಚು ಸಾಲ ಕೊಡುತ್ತದೆ. ಆ ಸಾಲದಿಂದ ಮಳಿಗೆ ಏಳುತ್ತದೆ, ಮಳಿಗೆಯ ಬಾಡಿಗೆ ನೋಡಿ ಇನ್ನೊಬ್ಬರು ಬರುತ್ತಾರೆ. ಸರ್ಕಾರದ ಒಂದು ರೂಪಾಯಿ ಬಿದ್ದಲ್ಲಿಗೆ ಬ್ಯಾಂಕಿನ ಹಣ, ಕಂಪನಿಯ ಹಣ, ಕೊನೆಗೆ ಹಳ್ಳಿಯಲ್ಲಿ ಜಮೀನು ಮಾರಿದವರ ಹಣವೂ ತಗ್ಗಿಗೆ ನೀರು ಹರಿದಂತೆ ಹರಿದು ಬರುತ್ತವೆ. ಬ್ಯಾಂಕಿನವರು ಸಾಲ ಕೊಡುವಾಗ ನೋಡುವುದು ಭದ್ರತೆ ಮತ್ತು ಮರುಪಾವತಿ. ಪಟ್ಟಣದ ಕಟ್ಟಡಕ್ಕೆ ಕಾಗದಪತ್ರ ಸರಿಯಾಗಿರುತ್ತದೆ. ಹಳ್ಳಿಯ ಕೊಟ್ಟಿಗೆಗೆ ಎಷ್ಟೋ ಕಡೆ ಖಾತೆಯೇ ಆಗಿರುವುದಿಲ್ಲ.

ಹಾಗಾದರೆ ಬ್ಯಾಂಕಿಗೆ ಆ ಹಣ ಬಂದದ್ದೆಲ್ಲಿಂದ? ಅದರಲ್ಲಿ ತಮ್ಮ ಬಟವಾಡೆಯ ಹಣವೂ ಇದೆ. ಒಂದು ಬ್ಯಾಂಕ್ ಶಾಖೆಗೆ ಬಂದ ಪ್ರತಿ 100 ರೂಪಾಯಿ ಠೇವಣಿಗೆ ಎಷ್ಟು ರೂಪಾಯಿ ಸಾಲ ಕೊಟ್ಟಿದ್ದಾರೆ ಎಂಬುದಕ್ಕೆ ಠೇವಣಿ-ಸಾಲ ಅನುಪಾತ ಎನ್ನುತ್ತಾರೆ. ಸುಮಾರು ಐದನೇ ಒಂದು ಭಾಗವನ್ನು ಬ್ಯಾಂಕು ಕಾನೂನಿನಂತೆ ರಿಸರ್ವ್ ಬ್ಯಾಂಕಿನಲ್ಲಿ ಮತ್ತು ಸರ್ಕಾರಿ ಸಾಲಪತ್ರಗಳಲ್ಲಿ ಇಡಲೇಬೇಕು. ಉಳಿದದ್ದು ಸಾಲಕ್ಕೆ. ತಮ್ಮ ಜಿಲ್ಲೆಯಲ್ಲಿ ಈ ಅನುಪಾತ 40 ಎಂದರೆ, ಜಿಲ್ಲೆಯ ಜನ ಉಳಿಸಿದ ನೂರರಲ್ಲಿ ನಲವತ್ತು ಜಿಲ್ಲೆಗೆ ಸಾಲವಾಗಿ ಮರಳಿತು, ಮಿಕ್ಕ ಸಾಲ ಬೇರೆಲ್ಲೋ ಬೆಳೆಯಿತು ಎಂದರ್ಥ. ಅನುಪಾತ 40ಕ್ಕಿಂತ ಕೆಳಗಿಳಿದ ಜಿಲ್ಲೆಗಳಲ್ಲಿ ವಿಶೇಷ ಉಪಸಮಿತಿ ರಚಿಸಿ ಸರಿಪಡಿಸಬೇಕೆಂದು ರಿಸರ್ವ್ ಬ್ಯಾಂಕ್ 2005ರಲ್ಲಿ ಸೂಚಿಸಿತು. ಹಿಂದೆ ನಿಯಮ ಇನ್ನೂ ಬಿಗಿಯಿತ್ತು. 1977ರಿಂದ 1990ರವರೆಗೆ, ಬ್ಯಾಂಕಿರುವ ಊರಿನಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ಊರುಗಳಲ್ಲಿ ನಾಲ್ಕು ತೆರೆಯಲೇಬೇಕಿತ್ತು. ನಮ್ಮ ಹಲವು ಹೋಬಳಿಗಳಿಗೆ ಬ್ಯಾಂಕು ಬಂದದ್ದು ಆ ಕಾಲದಲ್ಲೇ.

ಹರಿಯುವ ಹಣವನ್ನು ಹಿಂದಕ್ಕೆ ತಿರುಗಿಸುವ ಉಪಾಯ ಒಂದು ಇಂದಿಗೂ ಇದೆ. ಬ್ಯಾಂಕುಗಳು ತಮ್ಮ ಸಾಲದ ಶೇಕಡಾ 18 ಭಾಗವನ್ನು ಕೃಷಿ ಮತ್ತು ಅದರ ಉಪಕಸುಬುಗಳಿಗೆ ಕೊಡಬೇಕು. ಹೈನುಗಾರಿಕೆಯೂ ಅದರಲ್ಲಿ ಸೇರಿದೆ. ಗುರಿ ಮುಟ್ಟದ ಬ್ಯಾಂಕು ಕೊರತೆಯ ಹಣವನ್ನು ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿಯಂತಹ ನಿಧಿಗಳಲ್ಲಿ ಇಡಬೇಕಾಗುತ್ತದೆ. 1995-96ರಲ್ಲಿ 2,000 ಕೋಟಿಯಿಂದ ಪ್ರಾರಂಭವಾದ ಈ ನಿಧಿಯಿಂದ ರಾಜ್ಯಗಳು ಸಾಲ ಪಡೆದು ಹಳ್ಳಿ ರಸ್ತೆ, ಸೇತುವೆ, ಏತ ನೀರಾವರಿ, ಪಶು ಆಸ್ಪತ್ರೆ ಕಟ್ಟಿಸಿವೆ.

ಪಟ್ಟಣದ ಅಂಚಿನ ಹೊಲ

ನಗರದಿಂದ ಹತ್ತು ಹದಿನೈದು ಮೈಲಿಯೊಳಗಿರುವ ಸಂಘಗಳ ಸದಸ್ಯರು ಈ ಭಾಗವನ್ನು ವಿಶೇಷವಾಗಿ ಓದಬೇಕೆಂದು ಕೋರಿಕೆ. ನಗರದಲ್ಲಿ ಸ್ಥಳದ ಬೆಲೆ ಏರಿದಾಗ ಕೊಳ್ಳುವವರು ಹೊರಗೆ ಬರುತ್ತಾರೆ. ಎಕರೆಗೆ ಅವರು ಹೇಳುವ ಬೆಲೆ ಹಾಲಿನ ಲೆಕ್ಕದಲ್ಲಿ ಒಂದು ತಲೆಮಾರಿಗೂ ಹುಟ್ಟದು. ಮಾರಬೇಡಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ; ಮಗಳ ಮದುವೆ, ಆಸ್ಪತ್ರೆ, ಹಳೆಯ ಸಾಲ ಎಲ್ಲರಿಗೂ ಇರುತ್ತವೆ. ಆದರೆ ಹೈನುಗಾರನ ಲೆಕ್ಕದಲ್ಲಿ ಆ ಹೊಲಕ್ಕೆ ಇನ್ನೊಂದು ಬೆಲೆಯಿದೆ. ಕರೆಯುವ ಹಸುವಿಗೆ ದಿನಕ್ಕೆ 20 ರಿಂದ 25 ಕಿಲೋ ಹಸಿರು ಮೇವು ಬೇಕು. ಚೆನ್ನಾಗಿ ನೀರು ಗೊಬ್ಬರ ಕೊಟ್ಟ ಒಂದು ಎಕರೆ ಹೈಬ್ರಿಡ್ ನೇಪಿಯರ್ ಹುಲ್ಲು ನಾಲ್ಕೈದು ಹಸುಗಳನ್ನಾದರೂ ಸಾಕುತ್ತದೆ. ಹೊಲ ಹೋದರೆ ಮೇವನ್ನು ಕೊಳ್ಳಬೇಕು. ಕೊಂಡು ತಿನ್ನಿಸಿದರೆ ಲೀಟರಿಗೆ ಉಳಿಯುತ್ತಿದ್ದುದೂ ಹೋಗುತ್ತದೆ. ಎರಡು ವರ್ಷದಲ್ಲಿ ಹಸುಗಳೂ ಹೋಗುತ್ತವೆ. ಗೋಮಾಳ ಬಡಾವಣೆಯಾದ ಊರುಗಳಲ್ಲಿ ಮೊದಲು ಕೈಬಿಟ್ಟವರು ಜಮೀನಿಲ್ಲದೆ ಒಂದೆರಡು ಹಸು ಕಟ್ಟಿಕೊಂಡಿದ್ದವರು, ಅದರಲ್ಲೂ ಹೆಂಗಸರು. ಅವರಿಗೆ ಮಾರಲು ಹೊಲವೂ ಇರಲಿಲ್ಲ.

ಹಾಗೆಂದು ನಗರವನ್ನು ಶತ್ರುವೆಂದು ತಿಳಿಯುವುದು ಮೂರ್ಖತನ. ನಮ್ಮ ಹಾಲನ್ನು ಕೊಳ್ಳುವವರು ಅಲ್ಲಿಯೇ ಇದ್ದಾರೆ. ನಗರದಲ್ಲಿ ಮಳಿಗೆ, ಕಾರ್ಖಾನೆ, ವಸತಿ ಬೆಳೆದಷ್ಟೂ ಪೊಟ್ಟಣ ಹಾಲು, ಮೊಸರು, ತುಪ್ಪಕ್ಕೆ ಬೇಡಿಕೆ ಹೆಚ್ಚು. ಪಟ್ಟಣದವರ ಸಂಪಾದನೆಯ ಒಂದು ಪಾಲು ಬೆಳಿಗ್ಗೆಯ ಹಾಲಿನ ರೂಪದಲ್ಲಿ ಹಳ್ಳಿಗೆ ತಪ್ಪದೆ ಮರಳುತ್ತದೆ. ಇಷ್ಟು ಸಣ್ಣ ಸಣ್ಣ ಮೊತ್ತವಾಗಿ, ಇಷ್ಟು ಮನೆಗಳಿಗೆ, ವರ್ಷವಿಡೀ ಹಣವನ್ನು ಹಿಂದಕ್ಕೆ ತರುವ ಇನ್ನೊಂದು ವ್ಯವಸ್ಥೆ ಕಾಣುವುದಿಲ್ಲ.

ಒಮ್ಮೆ ಹಣ ಹಿಮ್ಮುಖವಾಗಿ ಹರಿದದ್ದು

ಈ ವ್ಯವಸ್ಥೆ ತಾನಾಗಿ ಹುಟ್ಟಲಿಲ್ಲ. 1970ರಲ್ಲಿ ಪ್ರಾರಂಭವಾದ 'ಆಪರೇಷನ್ ಫ್ಲಡ್' ಕಾರ್ಯಕ್ರಮದ ಬಂಡವಾಳ ಬಂದ ದಾರಿಯನ್ನು ಹೊಸ ತಲೆಮಾರಿನ ಸದಸ್ಯರು ತಿಳಿಯಬೇಕು. ಯುರೋಪಿನ ದೇಶಗಳಲ್ಲಿ ಮಿಕ್ಕಿದ್ದ ಹಾಲಿನ ಪುಡಿ ಮತ್ತು ಬೆಣ್ಣೆ ಎಣ್ಣೆ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ನಮಗೆ ದಾನವಾಗಿ ಬಂತು. ದಾನದ ಪುಡಿಯನ್ನು ಪುಕ್ಕಟೆ ಹಂಚಿದ್ದರೆ ಹಾಲಿನ ಬೆಲೆ ಬಿದ್ದು ಹಳ್ಳಿಯ ಉತ್ಪಾದಕ ಮುಳುಗುತ್ತಿದ್ದ. ಡಾ. ವರ್ಗೀಸ್ ಕುರಿಯನ್ ಅವರ ನೇತೃತ್ವದಲ್ಲಿ ಹಾಗೆ ಮಾಡಲಿಲ್ಲ. ಪುಡಿಯನ್ನು ಹಾಲು ಮಾಡಿ ಮುಂಬಯಿ, ದೆಹಲಿ, ಕಲ್ಕತ್ತ, ಮದ್ರಾಸ್ ನಗರಗಳಲ್ಲಿ ಬೆಲೆಗೆ ಮಾರಿದರು. ಮಾರಿ ಬಂದ ಹಣವನ್ನು ಹಳ್ಳಿಗಳ ಹಾಲು ಸಂಗ್ರಹಣೆ, ಡೇರಿ, ಪಶುವೈದ್ಯ ಸೇವೆ, ಆಹಾರ ಕಾರ್ಖಾನೆಗಳಿಗೆ ಹೂಡಿದರು. ಮಹಾನಗರದ ಗ್ರಾಹಕರು ಕೊಟ್ಟ ಹಣ ಹಳ್ಳಿಯಲ್ಲಿ ಬಂಡವಾಳವಾಯಿತು. ನಮ್ಮ ರಾಜ್ಯದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿ ಯೋಜನೆ ಪ್ರಾರಂಭವಾಗಿ, ಸಂಘಗಳೂ ಒಕ್ಕೂಟಗಳೂ ಬೆಳೆದು, 1984ರಲ್ಲಿ ಹಾಲು ಮಹಾಮಂಡಳಿ ರೂಪುಗೊಂಡಿತು.

ಎರಡೂ ಯೋಜನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವ್ಯತ್ಯಾಸ ಕಾಣುತ್ತದೆ. ಸ್ಮಾರ್ಟ್ ಸಿಟಿಗೆ ಪ್ರತಿ ನಗರದಲ್ಲಿ ಒಂದು ಕಂಪನಿ ರಚಿಸಿದರು; ಅದರ ಷೇರು ರಾಜ್ಯ ಸರ್ಕಾರ ಮತ್ತು ನಗರಪಾಲಿಕೆಯ ಹೆಸರಿನಲ್ಲಿ ಸಮಸಮ. ಊರಿನವರನ್ನು ಅಭಿಪ್ರಾಯ ಕೇಳಿದರು, ಷೇರುದಾರರನ್ನಾಗಿ ಮಾಡಲಿಲ್ಲ. ಯೋಜನೆ ಮುಗಿದ ಮೇಲೆ ದೀಪ, ಕ್ಯಾಮೆರಾ, ನಿಯಂತ್ರಣ ಕೇಂದ್ರಗಳ ನಿರ್ವಹಣೆಯ ಭಾರ ಪಾಲಿಕೆಗಳ ಮೇಲಿದೆ. ಸಹಕಾರ ಸಂಘದಲ್ಲಿ ಹಾಲು ಹಾಕುವವನೇ ಷೇರುದಾರ. ಹಣ ಎಲ್ಲಿ ಹೂಡಬೇಕೆಂದು ಕೇಳುವ ಅಧಿಕಾರ ಅವನಿಗಿದೆ. ಬಳಸುತ್ತಾನೋ ಇಲ್ಲವೋ ಎಂಬುದು ಬೇರೆ ಮಾತು.

ನಮ್ಮ ಮನೆಯ ಲೆಕ್ಕ

ಸರ್ಕಾರವನ್ನು ಕೇಳುವ ಪ್ರಶ್ನೆಯನ್ನೇ ಒಕ್ಕೂಟಗಳೂ ತಮಗೆ ಕೇಳಿಕೊಳ್ಳಬೇಕು. ಯಾವ ಒಕ್ಕೂಟಕ್ಕಾದರೂ ಹೂಡಲು ಹಣ ಸಿಕ್ಕಾಗ ಎರಡು ದಾರಿ ಇರುತ್ತವೆ. ಒಂದು, ನಗರದ ಬಳಿ ಹೊಸ ಪ್ಯಾಕಿಂಗ್ ವಿಭಾಗ, ದೊಡ್ಡ ಡೇರಿ, ಮಾರಾಟ ಮಳಿಗೆಗಳು. ಇನ್ನೊಂದು, ಹಳ್ಳಿಗಳಲ್ಲಿ ಬಲ್ಕ್ ಮಿಲ್ಕ್ ಕೂಲರ್, ಹಾಲು ಪರೀಕ್ಷೆಯ ಯಂತ್ರ, ಕೃತಕ ಗರ್ಭಧಾರಣೆ ಮತ್ತು ಪಶುವೈದ್ಯರ ವಾಹನ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ. ಅದು ಬೇಡವೆಂದಲ್ಲ, ಮಾರಾಟವಿಲ್ಲದ ಹಾಲು ಪುಡಿಯಾಗಿ ಗೋದಾಮಿನಲ್ಲಿ ಕೂರುತ್ತದೆ. ಆದರೆ ದೂರದ ತಾಲೂಕಿನ ಮಾರ್ಗದಲ್ಲಿ ಕೂಲರ್ ಇಲ್ಲದೆ ಬೇಸಿಗೆಯ ಸಂಜೆ ಹಾಲು ಹುಳಿಯಾಗಿ ಡೇರಿ ಬಾಗಿಲಿನಿಂದ ವಾಪಸು ಬಂದರೆ ಆ ನಷ್ಟ ಹೊರುವವರು ಉತ್ಪಾದಕರೇ. ಕರೆದ ಕೆಲವೇ ಗಂಟೆಗಳೊಳಗೆ ಹಾಲು 4 ಡಿಗ್ರಿಗೆ ಇಳಿಯಬೇಕು. ಈ ಲೇಖಕನ ಅಭಿಪ್ರಾಯದಲ್ಲಿ ಮೊದಲ ರೂಪಾಯಿ ಕೂಲರಿಗೆ, ಅದರಲ್ಲೂ ಮಾರ್ಗದ ತುದಿಯ ಸಂಘಗಳಿಗೆ ಹೋಗಬೇಕು. ಹೆಚ್ಚು ಹಾಲು ಬರುವ ಸಂಘಕ್ಕೇ ಮೊದಲು ಎಂಬ ನಿಯಮ ಮಾಡಿಕೊಂಡರೆ ನಾವೂ ಆ ಅಂಕದ ಪಟ್ಟಿಯನ್ನೇ ನಕಲು ಮಾಡಿದಂತಾಗುತ್ತದೆ.

ಆದುದರಿಂದ ಸದಸ್ಯರು ಮಾಡಬಹುದಾದ ಕೆಲಸಗಳು ಇವೆ. ಸಂಘದ ವಾರ್ಷಿಕ ಮಹಾಸಭೆ ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ ನಡೆಯುತ್ತದೆ. ಆ ಸಭೆಯಲ್ಲಿ ಬೋನಸ್ಸಿನ ಚರ್ಚೆ ಮುಗಿದೊಡನೆ ಎದ್ದು ಹೋಗದೆ ಒಂದು ಪ್ರಶ್ನೆ ಕೇಳಿ: ಕಳೆದ ಮೂರು ವರ್ಷಗಳಲ್ಲಿ ಒಕ್ಕೂಟ ಹೂಡಿದ ಬಂಡವಾಳದಲ್ಲಿ ನಮ್ಮ ತಾಲೂಕಿಗೆ, ನಮ್ಮ ಮಾರ್ಗಕ್ಕೆ ಬಂದದ್ದೆಷ್ಟು? ಒಕ್ಕೂಟದ ಮಹಾಸಭೆಗೆ ಹೋಗುವವರು ಸಂಘಗಳ ಪ್ರತಿನಿಧಿಗಳಾದ್ದರಿಂದ ಪ್ರಶ್ನೆಯನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಪ್ರತಿನಿಧಿಯ ಕೈಯಲ್ಲಿ ಕಳುಹಿಸಿ. ಬಾಯಿಮಾತಿನಲ್ಲಿ ಹೋದದ್ದು ಮಾರ್ಗದಲ್ಲೇ ಆರಿಹೋಗುತ್ತದೆ.

ಬ್ಯಾಂಕಿನ ವಿಷಯಕ್ಕೆ ಬಂದರೆ, 2018-19ರ ಕೇಂದ್ರ ಆಯವ್ಯಯದಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು ಪಶುಪಾಲಕರಿಗೂ ವಿಸ್ತರಿಸಲಾಯಿತು. ಹಿಂಡಿ, ಮೇವು, ಔಷಧಿಯ ಖರ್ಚಿಗೆ ದೊರೆಯುವ ಈ ಸಾಲ ಜಮೀನಿಲ್ಲದ ಹೈನುಗಾರರಿಗೂ ಉಂಟು. ಬಟವಾಡೆ ಜಮೆಯಾಗುವ ಅದೇ ಶಾಖೆಯಲ್ಲಿ ಅರ್ಜಿ ಕೊಡಿ. ಹಾಲು ಹಾಕಿದ ಲೆಕ್ಕದ ದೃಢೀಕರಣವನ್ನು ಸಂಘದ ಕಾರ್ಯದರ್ಶಿಗಳಿಂದ ಪಡೆದು ಜೊತೆಗಿಟ್ಟರೆ ಮ್ಯಾನೇಜರಿಗೆ ಮರುಪಾವತಿಯ ಭರವಸೆ ಬರುತ್ತದೆ. ಕೊಡುವುದಿಲ್ಲವೆಂದರೆ ಕಾರಣವನ್ನು ಬರಹದಲ್ಲಿ ಕೇಳಿ. ತಮ್ಮ ಜಿಲ್ಲೆಯ ಠೇವಣಿ-ಸಾಲ ಅನುಪಾತ ಎಷ್ಟೆಂಬುದು ಜಿಲ್ಲಾ ಅಗ್ರಣಿ ಬ್ಯಾಂಕಿನ ಕಚೇರಿಯಲ್ಲಿ ಸಿಗುತ್ತದೆ. ವರ್ಷಕ್ಕೊಮ್ಮೆ ಅವರು ಹೊರತರುವ ಜಿಲ್ಲಾ ಸಾಲ ಯೋಜನೆಯ ಪುಸ್ತಕದಲ್ಲಿ ಹೈನುಗಾರಿಕೆಗೆಂದು ಎಷ್ಟು ಸಾಲದ ಗುರಿ ಇಟ್ಟಿದ್ದಾರೆಂಬುದೂ ಇರುತ್ತದೆ. ಕಾರ್ಯದರ್ಶಿಗಳು ಆ ಪುಟದ ಒಂದು ಪ್ರತಿ ತಂದು ಸಂಘದ ಫಲಕದಲ್ಲಿ, ಕೊಬ್ಬಿನಾಂಶದ ದರಪಟ್ಟಿಯ ಪಕ್ಕದಲ್ಲಿ ಅಂಟಿಸಬೇಕೆಂದು ಕೋರಿದೆ.